ಹೊಗೆಯಿಂದ ಕೆಟ್ಟದ್ದಲ್ಲ

ಅಕ್ಕಾ, ನಿನ್ನ ಲ್ಯಾಪ್‌ಟಾಪ್ ಗಂಧಕದ ಹೊಗೆಯಿಂದ ಕೆಟ್ಟದ್ದಲ್ಲ. ಕೆಟ್ಟದ್ದು ನನ್ನ ಕೈಯಿಂದ. ನೀನು ಅದನ್ನು ಕೊಳ್ಳುವ ಮೊದಲೇ ನಾನು ಅದನ್ನು ಅಂಗಡಿಯ ಫರಸಿಕಲ್ಲಿನ ನೆಲದ ಮೇಲೆ ಬೀಳಿಸಿದ್ದೆ. ಇದನ್ನು ನೀನಿದ್ದಾಗ ಹೇಳಬೇಕಿತ್ತು. ಎಷ್ಟು ಸಲ ತಿಕೋಟಾದ ನಿನ್ನ ಮನೆಗೆ ಬಂದೆ, ನಿನ್ನ ಕೈಯ ರೊಟ್ಟಿ ಉಂಡೆ, ಹೇಳಬೇಕೆಂದು ಬಾಯಿ ತೆರೆದು — ನೀರು ಕೇಳಿ ಎದ್ದು ಬಂದೆ. ಈಗ ನೀನಿಲ್ಲ. ಈಗ ಬರೆಯುತ್ತಿದ್ದೇನೆ.

ಗೋಳಗುಮ್ಮಟದ ಹತ್ತಿರದ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಮಾರುವುದು ನನ್ನ ಕೆಲಸ. ಬಂದವರೆಲ್ಲ ಕೊನೆಗೆ ಕೇಳುವುದು ಒಂದೇ — ನಂಬುವಂಥ ಕಂಪನಿ ಯಾವುದು? ಯಾವುದರ ಬ್ಯಾಟರಿ ಬಾಳುತ್ತದೆ, ಯಾವುದರ ರಿಪೇರಿ ನಮ್ಮ ವಿಜಯಪುರದಲ್ಲೇ ಆಗುತ್ತದೆ, ಯಾವುದರ ವಾರಂಟಿ ಬರೀ ಮಾತಿನದು, ಎಲ್ಲ ಹೇಳುತ್ತೇನೆ. ಜನ ನಂಬುತ್ತಾರೆ. ನಂಬುವಂತೆ ಮಾತಾಡಲು ನನಗೆ ಬರುತ್ತದೆ.

ಆ ದಿನ ಬೆಳಿಗ್ಗೆ ಶೋಕೇಸಿನಲ್ಲಿದ್ದವುಗಳನ್ನು ಒರೆಸುವಾಗ ಒಂದು ಕೈಜಾರಿತು. ಮೂಲೆ ನೆಗ್ಗಿತು. ಆನ್ ಮಾಡಿದರೆ ಪರದೆ ಹತ್ತಿಕೊಂಡಿತು, ಆದರೆ ಅಲುಗಿಸಿದಾಗ ಒಳಗೆ ಏನೋ ಸಣ್ಣದೊಂದು ಸಡಿಲಾಗಿ ಕಟಕಟ ಅನ್ನುತ್ತಿತ್ತು. ಮಾಲಕರು ಇನ್ನೂ ಬಂದಿರಲಿಲ್ಲ. ಸ್ವಲ್ಪ ದಿನಗಳ ಹಿಂದಷ್ಟೇ ಪ್ರಿಂಟರ್ ಬೀಳಿಸಿದ ಒಬ್ಬನಿಗೆ ಅವರು, "ನಾಳಿಂದ ಬರಬ್ಯಾಡ" ಎಂದಿದ್ದರು. ನನ್ನ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ನೆಗ್ಗಿದ ಜಾಗದ ಮೇಲೆ ನಮ್ಮ ಅಂಗಡಿಯ ದುಂಡನೆಯ ಕೆಂಪು ಸ್ಟಿಕರ್ ಅಂಟಿಸಿದೆ.

ಮಧ್ಯಾಹ್ನ ನೀನು ಬಂದೆ.

"ಏನಪಾ ಸಾಹೇಬಾ, ಎಸಿಯೊಳಗ ಕುಂತು ಬೆಳ್ಳಗಾಗೀಯಲ್ಲ! ಅಕ್ಕನ ಗುರ್ತರ ಹತ್ತತೈತೋ ಇಲ್ಲೋ?"

ಅಂಗಡಿಯವರೆಲ್ಲ ನಕ್ಕರು. ನೀನೂ ನಕ್ಕೆ. ನೀನು ಬಬಲೇಶ್ವರದ ತವರಿಗೆ ಬಂದಾಗಲೆಲ್ಲ ಅಲ್ಲಿನ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ನಿನ್ನ ಅರ್ಧ ವಯಸ್ಸಿನ ಹುಡುಗಿಯರ ನಡುವೆ ಕೂತು ಕಲಿತಿದ್ದೆ. ನಿಮ್ಮ ಶೆಡ್ಡಿನ ಒಣದ್ರಾಕ್ಷಿಯನ್ನು ಚೀಲಗಟ್ಟಲೆ ವ್ಯಾಪಾರಿಗೆ ಸುರಿಯದೆ, ಪ್ಯಾಕೆಟ್ ಮಾಡಿ ಸ್ವಂತ ಹೆಸರಿನಲ್ಲಿ ಮಾರಬೇಕು, ಅದರ ಲೇಬಲ್ಲನ್ನು ನೀನೇ ಮಾಡಬೇಕು — ಅದೊಂದೇ ಹಂಬಲ.

"ಈ ಕಂಪನಿ ಗಿಂಪನಿ ನನಗ ತಿಳಿಯಂಗಿಲ್ಲ ತಮ್ಮಾ. ನಂಬೂವಂಥಾದ್ದು ಯಾವುದೈತಿ, ಅದನ್ನ ಕೊಡು."

"ಇದನ್ನ ತಗೋ ಅಕ್ಕಾ. ಕಣ್ಣ ಮುಚ್ಚಿ ತಗೋ."

ಕಂಪನಿಯ ಬಗ್ಗೆ ನಾನು ಸುಳ್ಳು ಹೇಳಲಿಲ್ಲ. ಅದು ಒಳ್ಳೆಯ ಕಂಪನಿಯೇ. ಅವರು ಸರಿಯಾಗಿ ಮಾಡಿ ಕಳಿಸಿದ್ದನ್ನು ನಾನು ಕೆಡಿಸಿದ್ದೆ. ಒಳಗೆ ಹೋಗಿ ಅದರ ಡಬ್ಬಿ ಹುಡುಕಿ, ಬಿದ್ದದ್ದನ್ನೇ ಅದರಲ್ಲಿಟ್ಟು, ಹೊಸ ಟೇಪು ಹಚ್ಚಿ ತಂದು ನಿನ್ನ ಮುಂದೆ ಬಿಚ್ಚಿದೆ. ಹೊಸದಕ್ಕೆ ಕೊಡುವ ಬೆಲೆಯನ್ನೇ ನೀನು ಕೊಟ್ಟೆ. ಸ್ಟಿಕರ್ ಮೇಲೆ ಬೆರಳಾಡಿಸಿ, "ಇದೇನೋ ಮೂಲ್ಯಾಗ?" ಅಂದೆ.

"ನಮ್ಮ ಅಂಗಡಿ ಗುರ್ತು."

"ದೃಷ್ಟಿಬೊಟ್ಟ ಇಟ್ಟಂಗೈತಿ. ಛಲೋನ ಆತು ಬಿಡು."

ನಿನಗೇ ಯಾಕೆ ಕೊಟ್ಟೆ? ಬೇರೆ ಗಿರಾಕಿಯಾಗಿದ್ದರೆ ಆ ಸ್ಟಿಕರನ್ನು ಉಗುರಿನಿಂದ ಕೆದಕಿ ನೋಡುತ್ತಿದ್ದ. ಕೆಟ್ಟರೆ ಬಂದು ಬಾಯಿ ಮಾಡುತ್ತಿದ್ದ. ನೀನು ಕೆದಕುವುದಿಲ್ಲ, ಬಾಯಿ ಮಾಡುವುದಿಲ್ಲ, ಅದು ನನಗೆ ಗೊತ್ತಿತ್ತು. ನಿನ್ನ ನಂಬಿಕೆ ನೋಡಿಯೇ ನಿನ್ನನ್ನು ಆರಿಸಿದೆ. ಇದಕ್ಕಿಂತ ಕಡಿಮೆ ಕೆಟ್ಟದಾಗಿ ಇದನ್ನು ಹೇಳಲು ಬರುವುದಿಲ್ಲ.

ಆ ವರ್ಷದ ದ್ರಾಕ್ಷಿ ಶೆಡ್ಡಿಗೆ ಬಂದ ಹೊತ್ತಿಗೆ ಅದು ನಿಂತುಹೋಯಿತು. ನೀನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದೆ. "ಒಮ್ಮಿಗೇ ಕರ್ರಗಾತು ನೋಡೋ. ಲೇಬಲ್ ಎಲ್ಲಾ ಅದರಾಗ ಐತಿ" ಅಂದೆ. ಒಂದು ದ್ರಾಕ್ಷಿ ಗೊಂಚಲು, ಕೆಳಗೆ ನಿನ್ನ ಮಗಳು ರೇಣುಕಾಳ ಹೆಸರು — ಅದನ್ನು ನೀನು ನನಗೆ ಮೊದಲೇ ತೋರಿಸಿದ್ದೆ. ಅಕ್ಷರದ ಬಣ್ಣ ಹಸಿರಿರಲೋ ಹಳದಿಯೋ ಎಂದು ಕೇಳಿದ್ದೆ.

ರಿಪೇರಿಗೆ ಕಳಿಸುತ್ತೇನೆಂದು ನಾನು ಇಟ್ಟುಕೊಂಡೆ. ಕಳಿಸಲಿಲ್ಲ. ಬಿಚ್ಚಿದ ಕೂಡಲೇ ಬಿದ್ದದ್ದೆಂದು ಗೊತ್ತಾಗುತ್ತದೆ, ಮಾಲಕರಿಗೂ ತಿಳಿಯುತ್ತದೆ — ಅಂಗಡಿಯ ಕಪಾಟಿನಲ್ಲಿ ಬಟ್ಟೆಯ ಕೆಳಗೆ ಇಟ್ಟೆ. ಕಳಿಸಿದ್ದರೆ ನಿನ್ನ ಲೇಬಲ್ಲಾದರೂ ಸಿಗುತ್ತಿತ್ತೇನೋ. ಕೆಲವು ದಿನ ಬಿಟ್ಟು ತಿಕೋಟಾಕ್ಕೆ ಬಂದು ಅದನ್ನು ನಿನ್ನ ಕೈಗಿಟ್ಟು ಹೇಳಿದೆ:

"ಶೆಡ್ಡಿನ ಗಂಧಕದ ಹೊಗಿ ಒಳಗ ಹೋಗೇತಿ ಅಕ್ಕಾ. ಬೋರ್ಡ ತಿಂದ ಬಿಟ್ಟೈತಿ. ಇನ್ನ ಏನೂ ಆಗಂಗಿಲ್ಲ."

ಒಣದ್ರಾಕ್ಷಿಯ ಬಣ್ಣ ನಿಲ್ಲಲೆಂದು ನೀವು ಹಾಕುವ ಆ ಹೊಗೆ ಕಬ್ಬಿಣವನ್ನೂ ತಿನ್ನುತ್ತದೆಂದು ನಿನಗೆ ಗೊತ್ತಿತ್ತು. ನೀನು ನಂಬುವಂಥ ಸುಳ್ಳನ್ನೇ ನಾನು ಹುಡುಕಿದ್ದೆ. ನೀನು ನಿನ್ನ ಸೆರಗನ್ನು ಎತ್ತಿ ಮೂಸಿ ನೋಡಿಕೊಂಡೆ. "ನಾನ ಕೊಂದೆ ಅಂದಂಗಾತು" ಅಂದೆ. ಆಮೇಲೆ "ನಿನಗೇನರ ಬೈದ್ರೇನೋ ಮಾಲಕರು, ನನ್ನ ಸಲುವಾಗಿ?" ಎಂದು ಕೇಳಿದೆ.

ನಾನು ಇಲ್ಲ ಅಂದೆ.

ಆ ವರ್ಷವೂ ಒಣದ್ರಾಕ್ಷಿ ಚೀಲದಲ್ಲೇ ಹೋಯಿತು. ಮುಂದಿನ ವರ್ಷವೂ. ನಿನ್ನ ಯಜಮಾನರು, ಮಾವ, ಇನ್ನೊಂದು ಕೊಡಿಸುತ್ತೇನೆಂದರೂ ನೀನು ಒಪ್ಪಲಿಲ್ಲ. ನಮ್ಮ ಮನೆಗೆ ಬಂದಾಗ ಟಿವಿಯ ರಿಮೋಟ್ ಕೊಟ್ಟರೆ, "ನಂದು ಹೊಗಿ ಕೈಯಪಾ, ಬ್ಯಾಡ" ಎಂದು ನಗುತ್ತ ಸರಿದು ಕೂರುತ್ತಿದ್ದೆ. ನನ್ನ ಹೆಂಡತಿಯೂ ನಗುತ್ತಿದ್ದಳು. ನಾನೂ.

ದಸರೆಯ ಖಂಡೇ ಪೂಜೆಯ ದಿನ ನೀನು ತಕ್ಕಡಿ, ಕ್ರೇಟು, ಔಷಧ ಹೊಡೆಯುವ ಪಂಪುಗಳ ಸಾಲಿನಲ್ಲಿ ಆ ಸತ್ತ ಲ್ಯಾಪ್‌ಟಾಪನ್ನೂ ಇಡುತ್ತಿದ್ದೆ. ವಿಭೂತಿ ಹಚ್ಚಿ, ಕುಂಕುಮವನ್ನು ಮಾತ್ರ ಮೂಲೆಯ ಆ ಕೆಂಪು ಸ್ಟಿಕರಿನ ಮೇಲೆಯೇ ಇಟ್ಟು, ತಪ್ಪಾಯಿತೆಂಬಂತೆ ಕೈಮುಗಿಯುತ್ತಿದ್ದೆ. ನಾನು ಪಕ್ಕದಲ್ಲಿ ನಿಂತು ಕಾಯಿ ಒಡೆಯುತ್ತಿದ್ದೆ.

ಎದೆನೋವೆಂದ ನಿನ್ನನ್ನು ವಿಜಯಪುರಕ್ಕೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿನ್ನ ದಿನಕರ್ಮಗಳಾದ ಮೇಲೆ ರೇಣುಕಾ ನನ್ನ ಬಳಿ ಬಂದು ಕೂತಳು. ತೊಡೆಯ ಮೇಲೆ ನೀನು ಖಣದ ಬಟ್ಟೆಯಲ್ಲಿ ಸುತ್ತಿಟ್ಟ ಆ ಲ್ಯಾಪ್‌ಟಾಪ್.

"ಇದನ್ನ ನೀವ ಇಟ್ಕೋರಿ ಮಾಮಾ. ನನಗ ಕಾಲೇಜಿಗಿ ಒಂದ ಹೊಸಾದ ಬೇಕಾಗೇತ್ರಿ. ನಂಬೂವಂಥಾ ಕಂಪನಿ ಯಾವುದು, ನೀವ ಹೇಳ್ರಿ. ಶೆಡ್ಡಿನ ಕಡಿ ಒಯ್ಯಂಗಿಲ್ರಿ — ಅವ್ವ ಆಣಿ ಮಾಡಿಸ್ಕೊಂಡಾಳ."

ಆಣೆ, ಅಕ್ಕಾ. ನನ್ನ ಸುಳ್ಳಿನ ಮೇಲೆ ನೀನು ಮಗಳಿಂದ ಆಣೆ ಮಾಡಿಸಿಕೊಂಡಿದ್ದೀ. ಆಗಲೂ ನಾನು ಭಾನುವಾರ ಅಂಗಡಿಗೆ ಬಾ ಎಂದಷ್ಟೇ ಹೇಳಿದೆ.

ನಾಳೆ ಭಾನುವಾರ. ಮಾವನೂ ಬರುತ್ತಾರೆ. ಮಾಲಕರೂ ಗಲ್ಲಾಪೆಟ್ಟಿಗೆಯ ಹತ್ತಿರ ಇರುತ್ತಾರೆ, ಇರಲಿ. ಕಂಪನಿಯ ಹೆಸರು ಹೇಳುವ ಮೊದಲು ನಿನ್ನ ಈ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಮೇಲೆ ಬರೆದದ್ದನ್ನೆಲ್ಲ ಎಲ್ಲರ ಎದುರಿಗೆ ಹೇಳುತ್ತೇನೆ. ರಿಪೇರಿಯವನ ಕೈಯಿಂದ ಅಲ್ಲಿಯೇ ಬಿಚ್ಚಿಸುತ್ತೇನೆ. ನಿನ್ನ ಲೇಬಲ್ಲಿನ ಗೊಂಚಲು ಒಳಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಆಮೇಲೆ ರೇಣುಕಾ ನನ್ನ ಅಂಗಡಿಯಲ್ಲಿ ಕೊಳ್ಳದೆ ಎದ್ದು ಹೋಗಬಹುದು, ಮತ್ತೆ ಮಾಮಾ ಎನ್ನದೆ ಇರಬಹುದು. ಅದು ಅವಳಿಗೆ ಬಿಟ್ಟದ್ದು.

ಇವತ್ತು ಖಣದ ಬಟ್ಟೆ ಬಿಚ್ಚಿ ನೋಡಿದೆ. ಸ್ಟಿಕರಿನ ಅಂಚು ಸ್ವಲ್ಪ ಎದ್ದಿದೆ. ಅದರ ಮೇಲೆ ನೀನಿಟ್ಟ ಕುಂಕುಮ ಹಾಗೆಯೇ ಗಟ್ಟಿಯಾಗಿದೆ. ಉಗುರು ಹಚ್ಚಿದೆ, ಕೈ ಹಿಂತೆಗೆದೆ. ಅದನ್ನು ಕೀಳಬೇಕಾದವಳು ರೇಣುಕಾ.