ಚುರ್‌ಗೂ ಜುಮ್‌ಗೂ ನಡುವೆ ತಂಪಕ್ಕ

ಬೆಳಕು ಹರಿಯುವ ಹೊತ್ತು. ಚರ್ಮದ ಆಸ್ಪತ್ರೆಯ ಲೇಸರ್ ಕೋಣೆಯಲ್ಲಿ ಒಬ್ಬ ಹೆಂಗಸು ತಮ್ಮದೇ ಮುಂಗೈಗೆ ಕೊಳವೆಯಿಂದ ತಣ್ಣನೆಯ ಗಾಳಿ ಬಿಟ್ಟುಕೊಂಡು ನಿಂತಿದ್ದಾರೆ. ರೋಮ ನಿಮಿರಿದ ಮೇಲೆಯೇ ಕೊಳವೆಯನ್ನು ಕೆಳಗಿಡುತ್ತಾರೆ. ರೋಗಿಗಳ ಪಾಲಿಗೆ ಇವರು ತಂಪಕ್ಕ.

ಹುಟ್ಟುಮಚ್ಚೆಯ ಕೆಂಪು ಇರುವುದು ಚರ್ಮದೊಳಗಿನ ರಕ್ತನಾಳಗಳಲ್ಲಿ. ಲೇಸರಿನ ಕಾವು ಅಲ್ಲಿಗೆ ತಲುಪಬೇಕು, ದಾರಿಯಲ್ಲಿರುವ ಮೇಲ್ಪದರ ಮಾತ್ರ ಸುಡಬಾರದು. ಅದಕ್ಕೇ ಚರ್ಮದ ಮೇಲೆ ತಂಪಕ್ಕ ಬಿಡುವ ಈ ತಂಪು. ಅದು ಕಡಿಮೆಯಾದರೆ ಗುಳ್ಳೆ, ಅತಿಯಾದರೂ ಗುಳ್ಳೆ. ಎರಡಕ್ಕೂ ಜನ ಹೇಳುವುದು ಒಂದೇ ಮಾತು: "ಉರಿ."

"ಯಾವ ಉರಿ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಅದಕ್ಕೇ ಮೊದಲೇ ಹೇಳ್ಕೊಡ್ತೀನಿ. ಬಿಸಿಗೆ ಚುರ್, ತಣ್ಣಗಾದ್ರೆ ಜುಮ್."

ತಂಪಕ್ಕ ಹಿಂದೆ ಇಲ್ಲೇ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದವರು. ಈಗ ಸಂಜೆಗೆ ಬೆರಳು ಮರಗಟ್ಟಿರುತ್ತವೆ. "ಫ್ರಿಜ್ ಬಂತು ಅಂತಾರೆ ನಮ್ಮನೆಯವ್ರು."

ಇಂದಿನ ಮೊದಲ ರೋಗಿ, ಕೆನ್ನೆ ತುಂಬ ಮಚ್ಚೆಯಿರುವ ಶಾಲಾ ಹುಡುಗಿ. "ಕೂಗ್ಬೇಡ ಪುಟ್ಟಿ, ಧೈರ್ಯವಾಗಿರು," ಎನ್ನುತ್ತಾರೆ ಅವಳ ಅಪ್ಪ.

ತಂಪಕ್ಕನ ಮುಖ ಬಾಡುತ್ತದೆ. "ಧೈರ್ಯ ಎಲ್ಲಾ ಹೊರಗಿಟ್ಟು ಬರ್ಲಿ ಅಣ್ಣ. ಬಾಯಿ ಬಿಡದೋರನ್ನ ಕಂಡ್ರೆ ನನಗೆ ಎದೆ ಢವಢವ."

ಹುಡುಗಿಯ ಕಣ್ಣಿಗೆ ಕಪ್ಪು ಕನ್ನಡಕ, ಕೆನ್ನೆಗೆ ತಂಪಕ್ಕನ ಗಾಳಿ. ಡಾಕ್ಟರು ಪೆಡಲ್ ಒತ್ತಿದಂತೆ ಲೇಸರಿನ ಬೆಳಕು ಚಿಮ್ಮುತ್ತದೆ, ಮತ್ತೆ ಚಿಮ್ಮುತ್ತದೆ. ಅವಳು ಅಲುಗುವುದಿಲ್ಲ. ಕಾಲ್ಬೆರಳು ಮಾತ್ರ ಮುದುಡುತ್ತವೆ.

"ಪುಟ್ಟಿ, ಚುರ್ರೋ ಜುಮ್ಮೋ?"

ಹುಡುಗಿಯ ಪಿಸುಮಾತು: "ಚುರ್... ಅಪ್ಪಂಗೆ ಹೇಳ್ಬೇಡಿ."

"ಡಾಕ್ಟ್ರೇ, ನಿಲ್ಸಿ!"

ಡಾಕ್ಟರು ಪೆಡಲಿನಿಂದ ಕಾಲೆತ್ತುತ್ತಾರೆ. ಮಂಚದ ಅಂಚಿಗೆ ಸಿಕ್ಕಿ ಕೊಳವೆ ಮಡಚಿಕೊಂಡಿದೆ. ಗಾಳಿ ಉಸಿರಿನಷ್ಟೇ ಬರುತ್ತಿದೆ. ತಂಪಕ್ಕ ಅದನ್ನು ಬಿಡಿಸಿ ಕೆನ್ನೆಗೆ ಹಿಡಿಯುತ್ತಾರೆ. ಚಿಕಿತ್ಸೆಯಾದ ಕೆನ್ನೆ ಹೇಗೂ ನೇರಳೆಗಟ್ಟುತ್ತದೆ. ಸುಟ್ಟಿದೆಯೇ ಎಂದು ತಕ್ಷಣ ತಿಳಿಯುವುದಿಲ್ಲ. ಬಾಗಿಲ ಬಳಿ ಅಪ್ಪ, "ನಾನ್ಯಾಕಾದ್ರೂ ಹಾಗಂದೆನೋ," ಎಂದು ಗೊಣಗುತ್ತಿದ್ದಾರೆ. ಯಾರೂ ಅವರನ್ನು ಸಮಾಧಾನಪಡಿಸುವ ಸ್ಥಿತಿಯಲ್ಲಿಲ್ಲ.

ಬಹಳ ಹೊತ್ತಿನ ಮೇಲೆ ಡಾಕ್ಟರು ಭೂತಗನ್ನಡಿ ಇಳಿಸುತ್ತಾರೆ. "ಸದ್ಯಕ್ಕೆ ಗುಳ್ಳೆ ಇಲ್ಲ. ನಾಳೆ ಬೆಳಗ್ಗೆ ಮತ್ತೆ ತೋರಿಸಿ."

"ಜುಮ್! ಅಕ್ಕಾ, ಜುಮ್ಮ್!" ಹುಡುಗಿ ಕಿರುಚುತ್ತಾಳೆ.

ತಂಪಕ್ಕ ಕೊಳವೆ ಸರಿಸಿ ಗದರುತ್ತಾರೆ: "ಇಷ್ಟು ಜೋರಾಗಿ ಆಗ್ಲೇ ಕೂಗಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ತಂಪಕ್ಕನ ಕಣ್ಣು ಹೊರಟುನಿಂತ ಹುಡುಗಿಯ ಮೇಲೆ. "ನಾಳೆ ಆ ಕೆನ್ನೆ ಮೇಲೆ ನನ್ನ ಕೆಲಸದ ಗುರುತು ಒಂದೂ ಇರಬಾರದು. ಅಷ್ಟೇ." ಹಾಗೆಂದು ಮುಂದಿನ ರೋಗಿಗಾಗಿ ಮುಂಗೈಗೆ ಗಾಳಿ ಬಿಟ್ಟುಕೊಳ್ಳುತ್ತಾರೆ.