ಬೀರವ್ವ ಹೇಳಿದ್ದು

ಮೂವತ್ತೊಂದು ವರ್ಷ ಕಾರಕೂನಿಕೆ ಮಾಡಿದವನು ನಾನು. ನನ್ನ ದುಂಡು ಅಕ್ಷರವನ್ನು ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆಯಲ್ಲಿ ನನ್ನ ಬುದ್ಧಿಗೆ ಮಂಕು ಕವಿದದ್ದು ಮಾತ್ರ ನನಗೆ ತಿಳಿಯಲೇ ಇಲ್ಲ. ಈಗ ಹೇಳುತ್ತಿರುವುದು ಅಮ್ಮಿನಬಾವಿಯ ಬೀರವ್ವನ ಕತೆ. ಅದರಲ್ಲಿ ನನ್ನ ತಪ್ಪೂ ಇದೆ, ಅದನ್ನು ಮುಚ್ಚಿಟ್ಟು ಹೇಳುವ ವಯಸ್ಸು ನನ್ನದಲ್ಲ.

ನವನಗರದಲ್ಲಿ ಒಂದು ಟ್ರಸ್ಟಿನವರು ಸಣ್ಣದೊಂದು ಮನೋರೋಗ ಚಿಕಿತ್ಸಾಲಯ ನಡೆಸುತ್ತಿದ್ದರು. ನಾನು ಧಾರವಾಡದಿಂದ ದಿನಾ ಬಸ್ಸಿನಲ್ಲಿ ಹೋಗಿ ಅಲ್ಲಿಯ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ತಿಂಗಳ ಎರಡನೆಯ ಶನಿವಾರ ಪರಿಶೀಲನೆ. ಹಳೆಯ ರೋಗಿಗಳನ್ನು ಮನೆಯವರು ಕರೆತರಬೇಕು, ಡಾಕ್ಟರು ವಿಚಾರಿಸಿ ಗುಳಿಗೆ ಹೆಚ್ಚೋ ಕಡಿಮೆಯೋ ತೀರ್ಮಾನಿಸಬೇಕು. ರೋಗಿ ಹೊರಗಿನ ಬೆಂಚಿನ ಮೇಲೆ, ಮನೆಯವರು ಒಳಗಿನ ಕುರ್ಚಿಯ ಮೇಲೆ. ಹೀಗೇ ಇರಬೇಕೆಂದು ಯಾರೂ ನಿಯಮ ಮಾಡಿರಲಿಲ್ಲ. ಕನ್ಯೆ ನೋಡಲು ಹೋದವರು ಹುಡುಗಿಯನ್ನು ಬಿಟ್ಟು ಅವಳ ಕಾಕಾನನ್ನು ಎಲ್ಲ ಕೇಳುತ್ತಾರಲ್ಲ, ಅಂಥದೇ ರೂಢಿ.

ಬೀರವ್ವ ಮೊದಲು ಬಂದದ್ದು ತೊಂಬತ್ತನಾಲ್ಕರಲ್ಲಿ. ಇಪ್ಪತ್ತೆಂಟರ ಹೆಣ್ಣುಮಗಳು. ಯಾರೂ ಇಲ್ಲದ ಕಡೆ ಅವಳಿಗೆ ದನಿಗಳು ಕೇಳುತ್ತಿದ್ದವು, ಬಯ್ಯುತ್ತಿದ್ದವು. ಗಂಡನ ಮನೆಯವರು ತವರಿಗೆ ಕಳಿಸಿ ಕೈತೊಳೆದುಕೊಂಡಿದ್ದರು. ಅಣ್ಣ ಮೈಲಾರಲಿಂಗಪ್ಪ ಗುಡಿ, ದರ್ಗಾ, ತಾಯತ ಎಲ್ಲ ಮುಗಿಸಿ ಕೊನೆಗೆ ನಮ್ಮಲ್ಲಿಗೆ ಕರೆತಂದ. ಗುಳಿಗೆ ಹತ್ತಿದವು. ಆರು ತಿಂಗಳಲ್ಲಿ ದನಿಗಳು ಅಡಗಿದವು.

ಮೈಲಾರಲಿಂಗಪ್ಪನಂಥ ಅಣ್ಣ ನೂರಕ್ಕೊಬ್ಬ ಸಿಗಲಿಕ್ಕಿಲ್ಲ. ಎರಡು ಬಸ್ಸು ಬದಲಿಸಿ, ತಂಗಿಗೆ ಸೀಟು ಹಿಡಿದು ತಾನು ನಿಂತು ಬರುತ್ತಿದ್ದ. ರುಮಾಲು ಸರಿಮಾಡಿಕೊಂಡು ಕುರ್ಚಿಯ ತುದಿಗೆ ಕೂತು ಹಿರಿಯ ಡಾಕ್ಟರಿಗೆ ಎಲ್ಲ ಒಪ್ಪಿಸುತ್ತಿದ್ದ. "ಅಕಿಗೇನ ತಿಳೀತೈತ್ರಿ ಸಾಹೇಬ್ರ, ನಾನ ಹೇಳತೇನ್ರಿ."

ಅವನು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ. ಎಲ್ಲಿ? ದಫ್ತರಿನಲ್ಲಿ 'ರೋಗಿ ಹೇಳಿದ್ದು' ಎಂಬ ಕಾಲಮಿನಲ್ಲಿ. ಎತ್ತು ಈದಿದೆ ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯವನು ನಾನು. ಏಳು ವರ್ಷ ಹಾಗೇ ಬರೆದೆ, ದುಂಡಗೆ.

ತೊಂಬತ್ತೊಂಬತ್ತರಿಂದ ಅಣ್ಣನ ಮಾತಿನಲ್ಲಿ ಒಂದೇ ಚಿಂತೆ. "ಕೆಲಸಾ ಮಾಡಂಗಿಲ್ರಿ. ರೊಟ್ಟಿ ಬಡೀ ಅಂದ್ರ ಹಿಟ್ಟಿನ ಮುಂದ ಸುಮ್ಮ ಕುಂಡರತಾಳ್ರಿ. ಕೇಳಿದ್ರ ಮಾತ ಇಲ್ಲ." ಕಾಯಿಲೆ ಮರಳುತ್ತಿದೆ ಎಂದು ಹಿರಿಯ ಡಾಕ್ಟರು ಗುಳಿಗೆ ಹೆಚ್ಚಿಸಿದರು. ಅವಳು ಇನ್ನಷ್ಟು ಮಂಕಾದಳು. ಮತ್ತೆ ಹೆಚ್ಚಿಸಿದರು. ಅವರೇನು ಕೆಟ್ಟವರಲ್ಲ. ಒಂದು ಶನಿವಾರಕ್ಕೆ ಅರವತ್ತು ಜನರನ್ನು ನೋಡಬೇಕಾದವರು ಕಿವಿಗೆ ಬಿದ್ದದ್ದನ್ನೇ ನಂಬುತ್ತಾರೆ.

ಎರಡು ಸಾವಿರದ ಒಂದರ ದೀಪಾವಳಿ ಮುಗಿದ ಮೇಲೆ ಅವರು ಹೇಳಿದರು: ಇನ್ನು ಮನೆಯಲ್ಲಿ ಆಗುವುದಿಲ್ಲ, ಚಿಕಿತ್ಸಾಲಯದ ಹಿಂದಿನ ಕಟ್ಟಡದಲ್ಲಿ ಕಾಯಂ ಇಡೋಣ. ಹಿಂದಿನ ಕಟ್ಟಡಕ್ಕೆ ಹೋದವರು ಮನೆಗೆ ಮರಳಿದ್ದನ್ನು ನಾನು ನೋಡಿದ್ದು ಎರಡೇ ಸಲ. ತಂಗಿಯ ಹಿತಕ್ಕೇ ಎಂದ ಮೇಲೆ ಮೈಲಾರಲಿಂಗಪ್ಪ ಏನು ಮಾಡಿಯಾನು? ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡು ಹ್ಞೂಂ ಅಂದ. ಮುಂದಿನ ಪರಿಶೀಲನೆಯ ದಿನ ಸಹಿ ಎಂದಾಯಿತು.

ಆ ಶನಿವಾರ ಹಿರಿಯ ಡಾಕ್ಟರು ಯಾವುದೋ ಮದುವೆಗೆ ಬೆಳಗಾವಿಗೆ ಹೋಗಿದ್ದರು. ಕುರ್ಚಿಯಲ್ಲಿ ಡಾಕ್ಟರ್ ವಿದ್ಯಾ, ಸೇರಿ ಮೂರು ವಾರ ಆಗಿತ್ತು. ನಾನು ಸಹಿಗೆ ಕಾಗದ ಮುಂದಿಟ್ಟರೆ, ಅವರು ದಫ್ತರು ತೆಗೆದು ಓದುತ್ತ ಕೂತರು. ಹೊರಗೆ ಜನ ಗದ್ದಲ ಹಾಕುತ್ತಿದ್ದಾರೆ, ಇವರಿಗೆ ಓದುವ ಹುಚ್ಚು! ನನಗೆ ಸಿಟ್ಟು ಬಂತು.

"ತ್ರ್ಯಂಬಕರಾಯರ, ಇದೆಲ್ಲಾ ಬೀರವ್ವ ತಾವ ಹೇಳಿದ್ದೇನ್ರಿ?"

"ಅಲ್ರೀ ಮೇಡಂ, ಅವರಣ್ಣ ಹೇಳ್ಯಾರ. ಎರಡೂ ಒಂದ ಅಲ್ಲೇನ್ರಿ?"

ಅವರು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ತಾವೇ ಎದ್ದು ಹೊರಗೆ ಹೋಗಿ ಬೀರವ್ವನನ್ನು ಕರೆತಂದರು. ಕೂಡಲು ಕುರ್ಚಿ ಇರಲಿಲ್ಲ, ನನ್ನದನ್ನೇ ಬಿಡಬೇಕಾಯಿತು. ದಫ್ತರು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತೆ.

"ಹಿಟ್ಟಿನ ಮುಂದ ಸುಮ್ಮನ ಕೂಡ್ತೀರಂತ. ಯಾಕ್ರಿ ಬೀರವ್ವ?"

"ಅದು ಏನಾಗೈತಿ ಅಂದ್ರ..." ಅಂದ ಮೈಲಾರಲಿಂಗಪ್ಪ.

"ನೀವು ಸ್ವಲ್ಪ ತಡೀರಿ ಕಾಕಾ."

ಬೀರವ್ವ ಅಣ್ಣನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. ನಾನು ಕೆಮ್ಮಿದೆ, ವಿದ್ಯಾ ನನ್ನನ್ನು ಕಣ್ಣಲ್ಲೇ ಸುಮ್ಮನಾಗಿಸಿದರು.

"ಹೇಳಾಕ ಬರಂಗಿಲ್ರಿ," ಅಂದಳು ಬೀರವ್ವ. "ಹಿಟ್ಟ ಕೊಟ್ರ ತೋರಸತೇನ್ರಿ."

ಪರಿಶೀಲನೆಯ ಕೋಣೆಯಲ್ಲಿ ಜೋಳದ ಹಿಟ್ಟು! ಆದರೂ ಅಡಿಗೆಮನೆಯಿಂದ ನಾದಿದ ಹಿಟ್ಟು, ಒಂದು ಮಣೆ ಬಂದವು. ಅವಳು ನೆಲದ ಮೇಲೆ ಕೂತು, ಒಣಹಿಟ್ಟು ಉದುರಿಸಿ, ಮುದ್ದೆ ಇಟ್ಟು ಬಡಿಯತೊಡಗಿದಳು. ನಮ್ಮ ಕಡೆ ಹೆಣ್ಣುಮಕ್ಕಳು ರೊಟ್ಟಿ ಬಡಿಯುವಾಗ ಅದು ಅಂಗೈ ಕೆಳಗೆ ತಾನಾಗಿ ತಿರುಗುತ್ತದೆ. ಇವಳದು ತಿರುಗಲಿಲ್ಲ. ಮಣಿಕಟ್ಟು ಸೆಟೆದಿತ್ತು, ಬೆರಳು ನಡುಗುತ್ತಿದ್ದವು. ಒಂದು ಕಡೆ ದಪ್ಪಗೆ ಉಳಿದು ಇನ್ನೊಂದು ಕಡೆ ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದಳು, ಮತ್ತೆ ಹರಿಯಿತು. ಮೂರನೆಯ ಸಲಕ್ಕೆ ಕೈ ಎತ್ತಿಬಿಟ್ಟಳು.

"ಮನಸ್ಸಿಲ್ಲಂತಲ್ರಿ ಅಕ್ಕಾರ. ಕೈ ಬರವೊಲ್ಲವು. ಎಷ್ಟ ಹಿಟ್ಟ ಕೆಡಸ್ಲಿ? ವೈನಿ ಮುಂದ ನಾಚಿಕಿ ಬರತೈತಿ. ಅದಕ್ಕ ಸುಮ್ಮ ಕುಂಡರತೇನ್ರಿ."

ವಿದ್ಯಾ ಅವಳ ಪಕ್ಕ ನೆಲಕ್ಕೇ ಕೂತು, ಮೊಳಕೈ ಮಡಚಿ ಬಿಡಿಸಿ ನೋಡಿದರು. ಇದು ಕಾಯಿಲೆ ಮರಳಿದ್ದಲ್ಲ, ಗುಳಿಗೆ ಹೆಚ್ಚಾಗಿ ಕೈ ಬಿಗಿದಿವೆ ಎಂದರು. ಅವಳು ಸುಮ್ಮನೆ ಕೂತಷ್ಟೂ ನಾವು ಗುಳಿಗೆ ಹೆಚ್ಚಿಸಿದ್ದೆವು, ಹೆಚ್ಚಿಸಿದಷ್ಟೂ ಅವಳು ಸುಮ್ಮನೆ ಕೂತಿದ್ದಳು. ನನ್ನ ಕೈಯಲ್ಲಿದ್ದ ದಫ್ತರು ಭಾರವಾಯಿತು, ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ಮೈಲಾರಲಿಂಗಪ್ಪನಂತೂ ಗಳಗಳ ಅತ್ತುಬಿಟ್ಟ. "ಇಷ್ಟ ವರ್ಷ ಯಾಕ ಹೇಳಲಿಲ್ಲ ತಂಗೆವ್ವಾ?"

"ಹೊರಗ ಕುಂತಾಗ ಕಿಡಕ್ಯಾಗಿಂದ ಎಲ್ಲಾ ಕೇಳತಿತ್ತಣ್ಣಾ," ಅಂದಳು ಅವಳು. "ನೀ ಭಾಳ ಚಂದ ಹೇಳತಿದ್ದಿ. ಖರೇ, ಅದು ನನ್ನ ಸುದ್ದಿ ಆಗಿರಲಿಲ್ಲ."

ಕಾಗದಕ್ಕೆ ಸಹಿ ಬೀಳಲಿಲ್ಲ. ಗುಳಿಗೆ ಕಡಿಮೆಯಾಯಿತು.

ಸೋಮವಾರ ಹಿರಿಯ ಡಾಕ್ಟರು ಬಂದವರೇ ಕೆಂಡವಾದರು. "ರೋಗಿನ್ನ ಕೇಳಿದ್ರ ಗುಳಿಗಿ ಕಡಿಮಿ ಮಾಡ್ರಿ ಅಂತನ ಹೇಳ್ತಾರವ್ವಾ. ಹೆಚ್ಚ ಮಾಡ್ರಿ ಅಂದವರನ್ನ ನಾ ಮೂವತ್ತು ವರ್ಷದಾಗ ನೋಡಿಲ್ಲ. ನಾಳೆ ಅಕಿ ಬಾವಿಗೆ ಬಿದ್ರ ಹೊಣೆ ಯಾರು?" ವಿದ್ಯಾ ದಫ್ತರು ಅವರ ಮುಂದಿಟ್ಟು, ಬೀರವ್ವ ರೊಟ್ಟಿ ಬಡಿದು ತೋರಿಸಿದ್ದನ್ನೆಲ್ಲ ಹೇಳಿದರು. ಕೊನೆಗೆ ಮುದುಕರು ಒಂದು ಮಾತಿಗೆ ಒಪ್ಪಿದರು: ಒಂದು ವರ್ಷ ರೋಗಿಗಳನ್ನೂ ಒಳಗೆ ಕೂಡಿಸಿ ಕೇಳುವುದು. ಆ ವರ್ಷದಲ್ಲಿ ಬೀರವ್ವನಿಗೆ ಕಾಯಿಲೆ ಮರಳಿದರೆ ಅವಳು ಹಿಂದಿನ ಕಟ್ಟಡಕ್ಕೆ, ಪರಿಶೀಲನೆ ಮೊದಲಿನ ಪದ್ಧತಿಗೆ. ಈ ಮಾತು ಬೀರವ್ವನಿಗೂ ಗೊತ್ತಿತ್ತು. ವಿದ್ಯಾ ಅವಳಿಂದ ಏನನ್ನೂ ಮುಚ್ಚಿಡುತ್ತಿರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಬೀರವ್ವನ ಬಾಯಿ ಬಿಚ್ಚಿತು. ಬಿಚ್ಚಿದ್ದೇ ತಡ, ನಮ್ಮೆಲ್ಲರ ಲೋಪಗಳು ಹೊರಬಿದ್ದವು. ಹೆಂಗಸರಿಗೆ ಸೂಜಿ ಹಾಕುವ ಕೋಣೆಗೆ ಪರದೆ ಇಲ್ಲ ಎಂದಳು. ಪಾಯಖಾನೆಯ ಚಿಲಕ ಕಿತ್ತಿದೆ ಎಂದಳು. "ಈ ರಾಯರು ನಮ್ಮನ್ನ ನಂಬರ್ ಹಿಡದ ಕರೀತಾರ, ಹೆಸರ ಹಿಡದ ಕರದ್ರ ಬಾಯಿ ನೋಯತೈತೇನ್ರಿ?" ಎಂದು ನನ್ನ ಮೇಲೂ ಒಂದು ಫಿರ್ಯಾದು. ಅಂದಿನಿಂದ ನಾನು ಹೆಸರು ಹಿಡಿದು ಕರೆದೆ. ಅವಳ ಕೈ ಸಡಿಲಾದವು, ಮುಖಕ್ಕೆ ಕಳೆ ಬಂತು. ಶನಿವಾರ ಬಂತೆಂದರೆ ನನಗೇ ಅವಳ ದಾರಿ ಕಾಯುವಂತಾಯಿತು.

ಒಪ್ಪಿದ ವರ್ಷದ ಹನ್ನೊಂದನೆಯ ತಿಂಗಳು. ಅಂದು ಹಿರಿಯ ಡಾಕ್ಟರೂ ವಿದ್ಯಾರೂ ಇಬ್ಬರೂ ಕೂತಿದ್ದರು. ಅಣ್ಣ-ತಂಗಿ ಒಳಗೆ ಬಂದಾಗ ಮೈಲಾರಲಿಂಗಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ಬಸ್ಸಿನ ದಾರಿಯುದ್ದಕ್ಕೂ 'ಹೇಳಬ್ಯಾಡ ತಂಗೆವ್ವಾ, ಇನ್ನೊಂದ ತಿಂಗಳ ತಡಿ, ನಿನ್ನ ಒಳಗ ಹಾಕ್ತಾರ' ಎಂದು ಅಂಗಲಾಚಿದ್ದನಂತೆ. ಅದನ್ನು ಆಮೇಲೆ ಅವನೇ ನನಗೆ ಹೇಳಿದ.

ಬೀರವ್ವ ಕೂತಳು. ಸೆರಗು ಹೊದ್ದುಕೊಂಡಳು.

"ಸೋಮವಾರದಿಂದ ಮತ್ತ ಕೇಳಾಕತ್ತಾವ್ರಿ," ಅಂದಳು. "ಸಣ್ಣಗ ಕೇಳತಾವು. ಅವು ದನಿ ಅಂತ ನನಗ ಇನ್ನಾ ತಿಳೀತೈತಿ. ತಿಳಿಲಾರದಂಗ ಆಗೂದರಾಗ ಬಂದೇನಿ. ನನ್ನ ಗುಳಿಗಿ ಹೆಚ್ಚ ಮಾಡ್ರಿ."

ಹಿರಿಯ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೈ ಮತ್ತ ಬಿಗೀತಾವಲ್ಲವಾ?"

"ಬಿಗೀಲಿ ಬಿಡ್ರಿ, ಎರಡ ತಿಂಗಳಾ ತಡಕೋತೇನಿ. ಸಾಕಾದಾಗ ಬಂದ ಹೇಳತೇನಿ."

"ಹಿಂದಿನ ಕಟ್ಟಡದ್ದು ಗೊತ್ತದ ಹೌದಿಲ್ಲೋ ನಿನಗ?"

"ಗೊತ್ತೈತ್ರಿ. ಸುಳ್ಳ ಹೇಳಿ ಮನ್ಯಾಗ ಇರೂದು ಹೆಂಗ್ರಿ?"

ಹಿರಿಯ ಡಾಕ್ಟರು ಹಿಂದಿನ ಕಟ್ಟಡದ ಕಾಗದ ಕೇಳಲಿಲ್ಲ, ಚೀಟಿ ಎಳೆದುಕೊಂಡು, ಪೆನ್ನು ತೆರೆದು, ಅವಳನ್ನೇ ಕೇಳಿದರು.

"ಎಷ್ಟು ಹೆಚ್ಚ ಮಾಡೋಣ, ಬೀರವ್ವ?"

"ಅರ್ಧಾ ಸಾಕ್ರಿ," ಅಂದಳು ಅವಳು. ಅವರು ಅರ್ಧ ಎಂದೇ ಬರೆದರು.