ಪೊರಕೆ ಗಾಡಿಯ ಯಜಮಾನರು

ಬೆಟ್ಟದ ಮೇಲಿನ ಆ ಪ್ರವಾಸಿ ಊರಿನಲ್ಲಿ ಯಜಮಾನರನ್ನು ಕಂಡು ಮುಖ ಅರಳಿಸುವವರು ಕಡಿಮೆ. ಮನುಷ್ಯ ಕೆಟ್ಟವರೇನಲ್ಲ, ಓಡಿಸುವ ಗಾಡಿ ಅಂಥದ್ದು.

ಬೇಸಿಗೆಯ ಭಾನುವಾರಗಳಲ್ಲಿ ಊರ ಸುತ್ತಲಿನ ರಸ್ತೆಗಳಿಗೆ ಮಧ್ಯಾಹ್ನದವರೆಗೂ ಮೋಟಾರು ಗಾಡಿಗಳು ಹತ್ತುವಂತಿಲ್ಲ. ಕೆರೆ ಸುತ್ತುವ ರಸ್ತೆ, ಕಾಡಿನೊಳಗಿನ ಹಳೇ ರಸ್ತೆ, ಘಟ್ಟದ ನೆತ್ತಿಗೆ ಏರುವ ರಸ್ತೆ, ಮೂರೂ ಸೈಕಲಿನವರಿಗೆ. ಈ ಕಾನೂನು ಬಂದಾಗ ಲಾಡ್ಜಿನವರು ನಮ್ಮ ಹೊಟ್ಟೆಯ ಮೇಲೆ ಹೊಡೆದರು ಎಂದು ಬೊಬ್ಬೆ ಹಾಕಿದ್ದರು. ಈಗ ಅದೇ ಲಾಡ್ಜಿನವರು ಅಂಗಳದ ಹೂಗಿಡ ಕಿತ್ತು ಸೈಕಲ್ ನಿಲ್ಲಿಸಲು ಜಾಗ ಮಾಡಿದ್ದಾರೆ.

ಗಾಡಿಯಿಲ್ಲದ ಘಟ್ಟದ ರಸ್ತೆಯಲ್ಲಿ ಒಂದೇ ಒಂದು ಗಾಡಿಗೆ ಅಪ್ಪಣೆ ಇತ್ತು. ಅದೇ ಯಜಮಾನರ ಬಿಳೀ ವ್ಯಾನು. ಎಲ್ಲರಿಗಿಂತ ಹಿಂದೆ ಬಿದ್ದ ಸವಾರನ ಬೆನ್ನ ಹಿಂದೆ ಅದು ಗುರ್ ಗುರ್ ಎನ್ನುತ್ತಾ ಬರಬೇಕು. ಮಧ್ಯಾಹ್ನ ಘಟ್ಟದ ಬುಡದ ಗೇಟು ತೆರೆದು ಮೋಟಾರು ಗಾಡಿಗಳನ್ನು ಬಿಡುವ ಹೊತ್ತಾದರೂ ನೆತ್ತಿ ಮುಟ್ಟದವರನ್ನು ಸೈಕಲ್ ಸಮೇತ ಎತ್ತಿ ಹಾಕಿಕೊಂಡು ಮೇಲೆ ಮುಟ್ಟಿಸಬೇಕು. ರಸ್ತೆ ಗುಡಿಸಿಕೊಂಡು ಬರುವುದರಿಂದ ಅದಕ್ಕೆ ‘ಪೊರಕೆ ಗಾಡಿ’ ಎಂದು ಹೆಸರು ಬಿತ್ತು. ಗಾಡಿಯ ಹೆಸರು ಓಡಿಸುವವರಿಗೂ ಅಂಟಿಕೊಂಡಿತು. ಎದುರಿಗೆ ಯಜಮಾನರು, ಹಿಂದಿನಿಂದ ಪೊರಕೆ.

ವ್ಯಾನು ಹತ್ತುವವರ ಅವಸ್ಥೆ ಕೇಳಬೇಡಿ. ಕೆಲವರು ಮಂಡಿ ಹಿಡಿದುಕೊಂಡು, ಕೆಲವರು ಗೇರಿಗೆ ಬೈಯುತ್ತಾ, ಇನ್ನು ಕೆಲವರು ನಾನು ಬೇಕೆಂತಲೇ ನಿಧಾನ ಬಂದೆ ಎಂದು ಹೇಳಿಕೊಳ್ಳುತ್ತಾ ಹತ್ತುತ್ತಿದ್ದರು. ಮರದ ಹಿಂದೆ ಅಡಗಿ ಕೂತವರೂ ಉಂಟು. ಯಜಮಾನರು ಅವರನ್ನೂ ಹುಡುಕಿ ತೆಗೆದು, ಹಿಂಬಾಗಿಲು ತೆರೆದು, “ಬನ್ನಿ, ಕೂತ್ಕೊಳ್ಳಿ” ಎನ್ನುತ್ತಿದ್ದರು. ಒಮ್ಮೆ ಪುರಸಭೆಯ ಸಾಹೇಬರ ಭಾವಮೈದುನ ನೆತ್ತಿಯ ಹತ್ತಿರ ಹತ್ತಿರ ಬಂದು ಸುಸ್ತಾಗಿ ನಿಂತಿದ್ದ. ಸಾಹೇಬರೇ ಫೋನಿನಲ್ಲಿ “ಇನ್ನೇನು ಬಂದೇಬಿಟ್ಟ, ಬಿಡ್ರಿ” ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಯಜಮಾನರು ಹಿಂಬಾಗಿಲು ತೆರೆದೇ ತೆರೆದರು. ಸಾಹೇಬರ ಮನೆಯಲ್ಲಿ ಆಮೇಲೆ ಏನು ನಡೆಯಿತೋ, ಅವರ ಹೆಂಡತಿ ಮಾತ್ರ ಇವರನ್ನು ಕಂಡರೆ ಇಂದಿಗೂ ರಸ್ತೆಯ ಆ ಬದಿಗೆ ದಾಟುತ್ತಾರೆ.

ಇಂಥ ಮನುಷ್ಯನ ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮಿಷನ್ನು, ಗೋಡೆಯುದ್ದಕ್ಕೂ ಮೊಳೆ, ಮೊಳೆಗೊಂದು ಸೈಕಲ್ ಚಡ್ಡಿ. ಬಿದ್ದು ಹರಿದುಕೊಂಡವರು, ಹೊಟ್ಟೆ ಬೆಳೆದು ಹೊಲಿಗೆ ಬಿಚ್ಚಿಸಿಕೊಳ್ಳುವವರು, ಒಳಗಿನ ಮೆತ್ತೆ ಜಾರಿತೆಂದು ನಾಚಿಕೊಂಡು ಬರುವವರು, ಎಲ್ಲರಿಗೂ ಆಕೆಯೇ ಗತಿ. “ಬೆಟ್ಟ ಹತ್ತೋ ಶೂರರು, ಕೂರೋಕೆ ಮಾತ್ರ ಹಾಸಿಗೆ ಬೇಕು” ಎಂದು ನಗುತ್ತಲೇ ಮೆತ್ತೆ ಕೂರಿಸಿ ಕೊಡುತ್ತಿದ್ದಳು. ಅವರು ಕಾಯುತ್ತಾ ಕೂತು ಘಟ್ಟದ ನೆತ್ತಿಯ ವರ್ಣನೆ ಮಾಡುತ್ತಿದ್ದರು. ಗಾಳಿ ಹೀಗೆ, ಮೋಡ ಹಾಗೆ, ಆಚೆ ಬದಿ ನೋಡಿದರೆ ಎದೆ ಝಲ್ ಅನ್ನುತ್ತೆ. ಆಕೆ ಮದುವೆಯಾಗಿ ಆ ಊರಿಗೆ ಬಂದು ತಲೆ ಅರ್ಧ ನೆರೆತಿತ್ತು. ನೆತ್ತಿಯನ್ನು ಕಿಟಕಿಯಿಂದ ನೋಡಿದ್ದಷ್ಟೇ.

ಒಂದು ದಿನ ಊಟಕ್ಕೆ ಕೂತಾಗ ಆಕೆ ಸುದ್ದಿ ಹೊರಗೆ ಹಾಕಿದಳು.

“ರೀ, ಈ ಭಾನುವಾರ ನಾನೂ ಹತ್ತುತೀನಿ.”

“ಎಲ್ಲಿಗೆ, ಅಟ್ಟಕ್ಕಾ?”

“ಘಟ್ಟಕ್ಕೆ. ಸೈಕಲ್ ಮೇಲೆ.”

ಯಜಮಾನರಿಗೆ ತುತ್ತು ನೆತ್ತಿಗೆ ಹತ್ತಿತು. ಕೆಮ್ಮಿ ಸುಧಾರಿಸಿಕೊಳ್ಳುವಷ್ಟರಲ್ಲಿ ಉಳಿದದ್ದೂ ಗೊತ್ತಾಯಿತು. ಬೇಸಿಗೆಯುದ್ದಕ್ಕೂ ಅವರು ಗೊರಕೆ ಹೊಡೆಯುವ ಹೊತ್ತಿನಲ್ಲಿ ಆಕೆ ಕೆರೆ ರಸ್ತೆಯಲ್ಲಿ ಸೈಕಲ್ ಕಲಿತಿದ್ದಳು. ಕಲಿಸಿದವಳು ಬಾಡಿಗೆ ಸೈಕಲ್ ಅಂಗಡಿಯವಳು. ಸೀಟುಗಳಿಗೆಲ್ಲ ಹೊಸ ಗವಸು ಹೊಲಿದು ಕೊಟ್ಟದ್ದಕ್ಕೆ ಒಂದು ಹಳೇ ಸೈಕಲನ್ನೇ ಬಿಟ್ಟುಕೊಟ್ಟಿದ್ದಳು.

“ಅಷ್ಟಕ್ಕೆ ಸೈಕಲ್ ಯಾಕೇ? ವ್ಯಾನಿನಲ್ಲಿ ಕರ್ಕೊಂಡು ಹೋಗ್ತೀನಿ.”

“ನಿಮ್ಮ ವ್ಯಾನಿನಲ್ಲಿ ಹೋಗಿ ಇಳಿದವರ ಮುಖ ನಾನೂ ನೋಡಿದೀನಿ ಬಿಡಿ. ಈ ಭಾನುವಾರವೇ ಕಡೇದು, ಆಮೇಲೆ ಹಿಮ ಬೀಳೋ ಕಾಲ, ರಸ್ತೆ ಮುಚ್ತಾರೆ. ಮಿಷನ್ ತುಳಿದೂ ತುಳಿದೂ ಈ ಮಂಡಿ ಬರೋ ವರ್ಷ ಯಾರ ಮಾತು ಕೇಳುತ್ತೋ ಏನೋ. ಹೋದ್ರೆ ಈ ಸಲವೇ ಹೋಗ್ಬೇಕು, ನನ್ನ ಕಾಲ ಮೇಲೇ ಹೋಗ್ಬೇಕು.”

“ಹಿಂದೆ ಬಿದ್ರೆ ಎತ್ತಿ ಹಾಕ್ಕೊಳ್ತೀನಿ. ಹೆಂಡ್ತಿ ಅಂತ ನೋಡಲ್ಲ.”

“ಯಾವತ್ತು ನೋಡಿದ್ರಿ?” ಎಂದು ಆಕೆ ತಟ್ಟೆ ಎತ್ತಿಕೊಂಡು ಹೋದಳು.

ಭಾನುವಾರ ಬೆಳಗ್ಗೆ ಗೇಟಿನ ಹತ್ತಿರ ಸವಾರರ ಗುಂಪು. ಆಕೆಯದು ತಾನೇ ಹೊಲಿದ ದೊಗಳೆ ಪ್ಯಾಂಟು, ಅದರೊಳಗೆ ಮೆತ್ತೆ, ಒಂದಲ್ಲ ಎರಡು. ಹೊರಟ ಸ್ವಲ್ಪ ಹೊತ್ತಿಗೇ ಗುಂಪೆಲ್ಲ ಮೇಲೆ ಹೋಗಿ, ಎಲ್ಲರ ಹಿಂದೆ ಆಕೆ ಉಳಿದಳು, ಆಕೆಯ ಹಿಂದೆ ವ್ಯಾನು.

ಇಲ್ಲೊಂದು ಮಾತು ಹೇಳಲೇಬೇಕು. ಯಜಮಾನರು ಎಲ್ಲಿಗೆ ಹೊರಟರೂ ದಾಪುಗಾಲು ಹಾಕಿ ಮುಂದೆ, ಆಕೆ ಚೀಲ ಹಿಡಿದು ಹಿಂದೆ, ಹೀಗೇ ಸಂಸಾರ ಸಾಗಿತ್ತು. “ನಿಮ್ಮ ಬೆನ್ನು ನೋಡಿದ್ರೆ ಸಾಕು, ಸಿಟ್ಟು ಬಂದಿದೆಯೋ ಹಸಿವಾಗಿದೆಯೋ ಗೊತ್ತಾಗುತ್ತೆ” ಎನ್ನುತ್ತಿದ್ದಳು ಆಕೆ. ಆಕೆಯ ಬೆನ್ನು ಹೇಗಿದೆ ಎಂದು ಇವರನ್ನು ಕೇಳಿದರೆ ಪಾಪ, ತಲೆ ಕೆರೆದುಕೊಳ್ಳುತ್ತಿದ್ದರು. ಇವತ್ತು ಬೇರೆ ನೋಡಲು ಏನೂ ಇರಲಿಲ್ಲ. ತಿರುವಿನ ಮೇಲೆ ತಿರುವು, ಎದುರಿಗೆ ಅದೇ ಬೆನ್ನು. ಕತ್ತಿನ ಹತ್ತಿರ ಕೂದಲು ಎಲ್ಲಾ ಕಡೆಗಿಂತ ಹೆಚ್ಚು ಬೆಳ್ಳಗಾಗಿತ್ತು. ಎಡಹೆಗಲು ಬಲಕ್ಕಿಂತ ತುಸು ಕೆಳಗಿತ್ತು. ಚೀಲ ಹಿಡಿಯುತ್ತಿದ್ದದ್ದು ಆ ಕೈಯಲ್ಲೇ ಎಂದು ಹೊಳೆದಾಗ ಯಜಮಾನರಿಗೆ ನಾಚಿಕೆಯಾಯಿತು.

ಆಕೆ ಏನೋ ಗೊಣಗುತ್ತಿದ್ದಳು. ನನಗೇ ಬೈಯುತ್ತಿದ್ದಾಳೆ ಎಂದುಕೊಂಡು ಇವರು ಗಾಜು ಇಳಿಸಿ ಕಿವಿಗೊಟ್ಟರು. ಇಲ್ಲ, ಮಂಡಿಗಳನ್ನು ಒಲಿಸಿಕೊಳ್ಳುತ್ತಿದ್ದಳು. “ನಡೀರಮ್ಮಾ, ನನ್ನ ಬಂಗಾರದಂಥವರಲ್ವಾ, ಇದೊಂದು ತಿರುವು. ಇದು ಮುಗಿದ್ರೆ ಇನ್ನೊಂದು.” ಯಜಮಾನರು ಒಬ್ಬರೇ ಕೂತು ಗೊಳ್ಳನೆ ನಕ್ಕರು. ನಕ್ಕ ಮೇಲೆ ಗಡಿಯಾರ ನೋಡಿ ಅವರ ಮುಖ ಇಳಿಯಿತು. ಹೊತ್ತು ಸಾಲದು. ಮಂಡಿಗಳು ಎಷ್ಟೇ ಬಂಗಾರವಾಗಿದ್ದರೂ ನೆತ್ತಿಗೆ ಇನ್ನೂ ಕೆಲವು ತಿರುವು ಇರುವಾಗಲೇ ಗೇಟು ತೆರೆಯುತ್ತದೆ. ಆಗ ನಾನು ಈ ಬೆನ್ನಿನ ಪಕ್ಕಕ್ಕೆ ಗಾಡಿ ತಂದು “ಬಾ, ಕೂತ್ಕೋ” ಅನ್ನಬೇಕು. ಅನ್ನಲು ಆಗುತ್ತಾ? ಅನ್ನದಿದ್ದರೆ ಇಷ್ಟು ವರ್ಷ ಎತ್ತಿ ಹಾಕಿಕೊಂಡವರಿಗೆಲ್ಲ ಏನು ಮುಖ ತೋರಿಸಲಿ?

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಡಿದಾದ ಒಂದು ತಿರುವಿನಲ್ಲಿ ಯಜಮಾನರು ಕೀಲಿ ತಿರುಗಿಸಿ ಇಂಜಿನ್ ಆರಿಸಿದರು. ಪುರಸಭೆಯ ಸಾಹೇಬರಿಗೆ ಫೋನ್ ಮಾಡಿ, “ಸಾರ್, ಗಾಡಿ ಕೈಕೊಟ್ಟಿದೆ. ರಸ್ತೆಗೆ ಅಡ್ಡ ನಿಂತಿದೆ. ಈಗಲೇ ಗೇಟು ತೆಗೀಬೇಡಿ” ಎಂದರು. ಅವರು ಸರ್ವೀಸಿನಲ್ಲಿ ಹೇಳಿದ ಮೊದಲ ಸುಳ್ಳು ಅದು. ಹೇಳಿ ಮುಗಿಸಿ ಸೀಟಿಗೆ ಒರಗಿ, ಪರವಾಗಿಲ್ಲ, ನನಗೂ ಬರುತ್ತೆ ಎಂದು ಮೀಸೆ ತಿರುವಿಕೊಂಡರು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಆ ಇಂಜಿನ್ನಿನ ಸದ್ದನ್ನು ಬಾಗಿಲಲ್ಲಿ ಕೇಳಿ ಕೇಳಿ ಬಾಳಿದವಳು ಆಕೆ. ಎರಡು ತಿರುವು ಹತ್ತಿದ ಮೇಲೆ ಬೆನ್ನ ಹಿಂದೆ ಅದು ಕೇಳಿಸುತ್ತಿಲ್ಲವೆಂದು ಹೊಳೆದದ್ದೇ, ಸೈಕಲ್ ತಿರುಗಿಸಿ, ಕಷ್ಟಪಟ್ಟು ಹತ್ತಿದ ಆ ತಿರುವುಗಳನ್ನು ಜರ್ ಎಂದು ಇಳಿದು ಬಂದೇಬಿಟ್ಟಳು.

“ಏನಾಯ್ತು ರೀ? ಎದೆ ನೋವಾ? ಮಾತಾಡಿ!”

“ಏನೂ ಇಲ್ವೇ. ನೀನ್ಯಾಕೆ ಇಳಿದು ಬಂದೆ?” ಯಜಮಾನರು ಹಣೆ ಚಚ್ಚಿಕೊಂಡರು. “ನಿನಗೆ ಸ್ವಲ್ಪ ಹೊತ್ತು ಸಿಗಲಿ ಅಂತ ನಾನೇ ಆರಿಸಿದೆ.”

ಆಕೆ ಸೊಂಟಕ್ಕೆ ಕೈಯಿಟ್ಟಳು. ಆಮೇಲೆ ಶುರುವಾಯಿತು.

“ಮದುವೆಯಾದಾಗಿನಿಂದ ಒಂದೇ ಒಂದು ಸಲ ನನಗೆ ಸಹಾಯ ಮಾಡೋಕೆ ಹೊರಟ್ರಿ, ಅದೂ ಬ್ರೇಕ್ ಹಾಕಿ! ಎರಡು ತಿರುವು ಕಣ್ರೀ, ಎರಡು! ಅದಿರಲಿ, ಆ ಫೋನ್ ತೆಗೀರಿ. ಗಾಡಿ ಸರಿ ಹೋಯ್ತು ಅಂತ ಹೇಳಿ.”

“ಹೇಳಿದ್ರೆ ಗೇಟು ತೆಗೀತಾರೆ.”

“ತೆಗೀಲಿ. ಸುಳ್ಳಿನ ಮೇಲೆ ಹತ್ತಿ ಮೇಲೇನು ನೋಡ್ಲಿ ನಾನು?”

ಯಜಮಾನರು ಫೋನ್ ಮಾಡಿದರು. ಆ ಕಡೆಯಿಂದ ಸಾಹೇಬರು ಗೇಟು ತೆಗೆಯುತ್ತೇವೆ, ಉಳಿದವರನ್ನು ಹತ್ತಿಸಿಕೊಂಡು ಬೇಗ ಮೇಲೆ ಹೋಗಿ ಎಂದರು. ಯಜಮಾನರು ಇಳಿದು, ಕೈಯ ಅಭ್ಯಾಸ ಬಿಡಬೇಕಲ್ಲ, ಹಿಂಬಾಗಿಲು ತೆರೆದು ಹಿಡಿದರು. ಬಾಯಿಂದ ಮಾತ್ರ ಮಾತು ಹೊರಡಲಿಲ್ಲ. ಆಕೆ ತೆರೆದ ಬಾಗಿಲನ್ನು ನೋಡಿದಳು, ಅವರ ಮುಖವನ್ನು ನೋಡಿದಳು, ಸೈಕಲ್ ತಿರುಗಿಸಿ ಮತ್ತೆ ತುಳಿಯತೊಡಗಿದಳು. ಯಜಮಾನರು ಬಾಗಿಲು ಮುಚ್ಚಿ ಅವಳ ಹಿಂದೆ ಹೊರಟರು. ಈ ಸಲ ಯಾರಿಗೂ ಫೋನ್ ಮಾಡಲಿಲ್ಲ.

ಹೆಚ್ಚು ಹೊತ್ತಾಗಲಿಲ್ಲ, ಕೆಳಗಿನಿಂದ ಕಾರುಗಳು ಬಂದವು. ಮೊದಲು ಒಂದು, ಅದರ ಹಿಂದೆ ಒಂದು ಬಸ್ಸು, ಬಸ್ಸಿನ ಹಿಂದೆ ತಿರುವು ಮರೆಯಾಗುವ ತನಕ ಸಾಲು. ಪೊಂ ಪೊಂ ಶುರುವಾಯಿತು. ಒಬ್ಬ ಪಕ್ಕದಿಂದ ನುಗ್ಗಲು ನೋಡಿದ. ಯಜಮಾನರು ವ್ಯಾನನ್ನು ರಸ್ತೆಯ ನಟ್ಟನಡುವಿಗೆ ತಂದು ಅಲ್ಲೇ ಇಟ್ಟುಕೊಂಡರು. ಅವನು ತಲೆ ಹೊರಗೆ ಹಾಕಿ ಕೂಗಿದ.

“ರೀ ಸ್ವಾಮಿ, ಗೇಟು ತೆಗೆದಾಯ್ತು! ಪಕ್ಕಕ್ಕೆ ಹೋಗ್ರಿ!”

“ಮುಂದೆ ಸೈಕಲ್ ಇದೆ, ಕಾಣಲ್ವಾ?” ಯಜಮಾನರೂ ಕೂಗಿದರು. “ಅವರು ಮುಟ್ಟೋ ತನಕ ಯಾರೂ ದಾಟಂಗಿಲ್ಲ!”

ಹೀಗೆ ಒಂದು ತಿರುವು, ಇನ್ನೊಂದು. ಕೊನೆಯ ಏರಿನಲ್ಲಿ ಸೈಕಲ್ ಹಾವಿನ ಹಾಗೆ ಆ ಕಡೆ ಈ ಕಡೆ ಹರಿದಾಡಿತು. ಬಿತ್ತು, ಬಿತ್ತು ಎನ್ನುವಷ್ಟರಲ್ಲಿ ರಸ್ತೆ ಸಪಾಟಾಯಿತು. ಆಕೆ ಕಾಲೂರಿ ಸೈಕಲನ್ನು ಮೋಟುಗೋಡೆಗೆ ಒರಗಿಸಿ, ತಾನೂ ಒರಗಿ ಆಚೆ ನೋಡಿದಳು. ವ್ಯಾನು ಪಕ್ಕಕ್ಕೆ ನಿಲ್ಲಿಸಿ ಯಜಮಾನರು ಓಡಿ ಬಂದರು.

“ಆಚೆಗೂ ಬೆಟ್ಟಾನೇ ಇದೆ ಕಣ್ರೀ!” ಎಂದಳು ಆಕೆ, ಯಾರೋ ಬಚ್ಚಿಟ್ಟಿದ್ದನ್ನು ಕಂಡುಹಿಡಿದವಳ ಖುಷಿಯಲ್ಲಿ. ಆಮೇಲೆ ಹಿಂದೆ ತಿರುಗಿ, ಹಾರ್ನ್ ಬಾರಿಸುತ್ತಾ ಮುಗಿಯದೆ ಬರುತ್ತಿದ್ದ ಸಾಲು ನೋಡಿದಳು. ಏನು ನಡೆದಿತ್ತೆಂದು ಆಕೆಗೆ ಆಗ ಅರ್ಥವಾಯಿತು. “ಇಷ್ಟು ಗಾಡಿ, ಇಷ್ಟು ವಾದ್ಯ ನಮ್ಮ ಮದುವೆಗೂ ಇರ್ಲಿಲ್ಲ.”

ಯಜಮಾನರು ನಗಲು ಹೋದರು. ನಗುವಿನ ಬದಲು ಕಣ್ಣಿನಿಂದ ಬೇರೇನೋ ಬಂತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅವರು ಅದನ್ನು ಆಕೆಯ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು.

“ಏನ್ರೀ ಅದು ರಸ್ತೆಯಲ್ಲಿ ಜಾತ್ರೆ?” ಸಾಹೇಬರ ಧ್ವನಿ. “ಕೊನೆಯವರು ಮುಟ್ಟಿದ್ರಾ ಇಲ್ವಾ?”

“ಮುಟ್ಟಿದ್ರು.”

“ವ್ಯಾನಲ್ಲೋ, ಸೈಕಲ್ಲಲ್ಲೋ?”

“ಸೈಕಲ್ಲಲ್ಲಿ.”

“ಡ್ರೈವರ್ ಎಲ್ಲಿ? ನಾಳೆ ಬೆಳಗ್ಗೆ ಬಂದು ನನ್ನನ್ನು ಕಾಣೋಕೆ ಹೇಳಿ.”

“ಹೇಳ್ತೀನಿ ಸಾರ್,” ಎಂದಳು ಆಕೆ. “ಈಗ ಅಳ್ತಾ ಇದಾರೆ. ಮುಗಿದ ಮೇಲೆ ಹೇಳ್ತೀನಿ.”